ಮಜ್ಲಿಸ್ ಗೋಡೆಯ ಹಿಮಸರೋವರ

ಕತಾರಿನಲ್ಲಿ ಬೆಟ್ಟವಿಲ್ಲ, ಹಿಮ ಇರುವುದು ಫ್ರಿಜ್ಜಿನೊಳಗೆ ಮಾತ್ರ. ಆದ್ದರಿಂದ ಇಲ್ಲಿಯವರು ಅವೆರಡನ್ನೂ ಗೋಡೆಗೆ ಅಂಟಿಸಿಕೊಳ್ಳುತ್ತಾರೆ. ಆ ಚಿತ್ರದ ವಾಲ್‌ಪೇಪರ್ ಅಂಟಿಸುವುದು ನನ್ನ ಮಗನ ಕಸುಬು. ಹನ್ನೆರಡು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದ ಮೇಲೆ ಅವನು ಸ್ವಂತವಾಗಿ ಹಿಡಿದ ಮೊದಲ ಕೆಲಸ ಮುಐದರ್ ಎಂಬ ಊರಿನ ಒಂದು ವಿಲ್ಲಾದ ಮಜ್ಲಿಸ್, ಗಂಡಸರು ಅತಿಥಿಗಳನ್ನು ಕೂರಿಸುವ ಕೋಣೆ. ಮನೆಯೊಡೆಯ ಅರಬಿ ಒಪ್ಪಿದರೆ ಅವನ ಬಳಗದ ಮನೆಗಳ ಕೆಲಸವೆಲ್ಲ ಇವನಿಗೆ. ಒಪ್ಪದಿದ್ದರೆ ಮತ್ತೆ ಹಳೆಯ ಬಾಸಿನ ಮುಂದೆ ಕೈಕಟ್ಟಿ ನಿಲ್ಲಬೇಕು.

ಅರಬಿ ಬರುವ ಮೊದಲು ನನಗೆ ತೋರಿಸಬೇಕೆಂದು ಕರೆದುಕೊಂಡು ಹೋದ. ಗೋಡೆ ತುಂಬ ನೀಲಿ ಸರೋವರ, ಸುತ್ತ ಹಿಮದ ಬೆಟ್ಟಗಳು, ನೀರಿನಲ್ಲಿ ಅದೇ ಬೆಟ್ಟಗಳ ಬಿಂಬ. ಮಗ ಮೇಷ್ಟ್ರಾದ.

"ಸಾವಿರಾರು ವರ್ಷ ಹಿಮ ಜಾರಿ ಜಾರಿ ನೆಲ ಕೆರೆದದ್ದು ಉಮ್ಮಾ. ಆ ಗುಂಡಿಯಲ್ಲಿ ಹಿಮ ಕರಗಿ ನಿಂತ ನೀರು ಇದು. ಕಲ್ಲು ಅರೆದ ಹುಡಿ ಉಂಟಲ್ಲ, ಅದರಿಂದಲೇ ಈ ನೀಲಿ."

"ನಿನ್ನ ಬೆಟ್ಟ ಯಾಕೆ ನಡುಗುವುದು?"

"ಎಂತದು?"

"ಮೇಲಿನ ಬೆಟ್ಟದ ಗೆರೆಯೆಲ್ಲ ನಡುಗಿದ ಹಾಗೆ ಉಂಟು, ಕೆಳಗಿನದ್ದು ಗಟ್ಟಿ ನಿಂತಿದೆ. ಗಾಳಿಗೆ ನಡುಗುವುದು ನೀರು ಮಾರಾಯ, ಬೆಟ್ಟ ಅಲ್ಲ. ಉಲ್ಟಾ ಅಂಟಿಸಿದ್ದೀ."

"ಅದು ಮಂಜು. ಎರಡನೇ ಕ್ಲಾಸು ಕಲಿತು ನನಗೆ ಹಿಮಾಲಯ ಹೇಳಿಕೊಡ್ಬೇಡಿ."

ಎರಡನೇ ಕ್ಲಾಸಿನಲ್ಲಿ ಹಿಮಾಲಯ ಕಲಿಸಲಿಲ್ಲ, ನಿಜ. ಆದರೆ ಬಾವಿಗೆ ಇಣುಕಿದವಳಿಗೆ ಯಾವ ಮುಖ ತನ್ನದು, ಯಾವುದು ನೀರಿನದು ಎಂದು ತಿಳಿಯಲು ಡಿಗ್ರಿ ಬೇಕಿಲ್ಲ.

ಗೊಣಗುತ್ತಲೇ ಅವನು ಕಾಗದದ ಸುರುಳಿಗಳು ಬಂದಿದ್ದ ಪೆಟ್ಟಿಗೆಯ ಮೇಲಿನ ಚಿತ್ರ ನೋಡಿದ. ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಮತ್ತೊಮ್ಮೆ ಗೋಡೆಗೆ ಹೋಲಿಸಿದ. ಅಷ್ಟರಲ್ಲಿ ಅಂಗಳದಲ್ಲಿ ಕಾರು ನಿಂತ ಸದ್ದು. ನಾನು ಬಾಗಿಲ ಹಿಂದೆ ಸರಿದೆ.

ಅರಬಿ ಗೋಡೆಯನ್ನು ಬಹಳ ಹೊತ್ತು ನೋಡಿದ. ಮಗ ಪೆಟ್ಟಿಗೆಯ ಚಿತ್ರದ ಬದಿಯನ್ನು ಮೆಲ್ಲಗೆ ತನ್ನ ಕಡೆ ತಿರುಗಿಸಿಕೊಂಡ. ಇಂಥದೇ ಸರೋವರದ ದಡದಲ್ಲಿ ತಾನು ರಜೆ ಕಳೆದಿದ್ದೇನೆ, ಥೇಟ್ ಹೀಗೇ ಇತ್ತು ಎಂದು ಅವನು ತನ್ನ ಅರೆಬರೆ ಹಿಂದಿಯಲ್ಲಿ ಹೇಳಿದ. ಪುಣ್ಯಾತ್ಮ ಅಲ್ಲಿ ತಲೆ ಕೆಳಗೆ ಮಾಡಿ ನಿಂತಿದ್ದನೋ ಏನೋ. ತಮ್ಮನ ಮನೆಗೂ ಇದೇ ಬೇಕು, ಕೂದಲೆಳೆಯಷ್ಟೂ ಬದಲಾಗಬಾರದು ಎಂದು ಹೇಳಿ ಮಗನ ಬೆನ್ನು ತಟ್ಟಿದ.

ಮುಂದಿನ ವಾರ ಅರಬಿಯ ತಮ್ಮನ ಮನೆಯಲ್ಲಿ ಅಂಟಿಸಲು ಮಗ ಕಳಿಸಿದ ಕೆಲಸದವನು ಹೊಸಬ, ಬುದ್ಧಿವಂತ. ಪೆಟ್ಟಿಗೆಯ ಚಿತ್ರ ನೋಡಿ ಸರಿಯಾಗಿಯೇ ಹಿಡಿದಿದ್ದನಂತೆ. ಮಗ ಮನೆಯಿಂದಲೇ ಫೋನಿನಲ್ಲಿ ಅವನಿಗೆ ಅರ್ಧ ಗಂಟೆ ಬೈದು, ಕಾಗದವನ್ನು ತಲೆಕೆಳಗು ಮಾಡಿಸಿದ. ನಾನು ಎದುರಿಗೇ ಕೂತು ಚಾ ಕುಡಿಯುತ್ತಿದ್ದೆ. ಅವನು ನನ್ನ ಕಡೆ ತಿರುಗಲಿಲ್ಲ.