ಹುಲಗೆಮ್ಮ ಕೂಡಿಸಿದ ಸಭೆ

ನಮ್ಮ ಮರಳಿ ಊರಿನ ಹುಲಗೆಮ್ಮ ಗಿಡ್ಡ ಆಳು, ಬಿರುಸು ಮಾತಿನವಳು. ಭತ್ತದ ನಾಟಿ ಮಾಡುವ ಹೆಂಗಸರ ಗುಂಪಿಗೆ ಆಕೆ ಮುಂದಾಳು. ಬಾಗಿ ಸಸಿ ಊರುತ್ತಾ ಹಿಂದಕ್ಕೆ ಸರಿಯುವ ಸಾಲಿನಲ್ಲಿ ಆಕೆಯ ಕೈಗೆ ಸಮ ಇನ್ನೊಂದು ಕೈ ನಾನು ನೋಡಿಲ್ಲ. ನನ್ನ ಸೊಂಟ ಬಾಗುವವರೆಗೆ ನಾನೂ ಆ ಗುಂಪಿನವಳೇ. ನನ್ನನ್ನು ಆಕೆ ಚಿಗವ್ವ, ಅಂದರೆ ಚಿಕ್ಕಮ್ಮ, ಎನ್ನುತ್ತಾಳೆ. ಆಕೆಯ ಬಗ್ಗೆ ಯಾರಾದರೂ ಬರೆಯಬೇಕು ಅಂತ ಬಹಳ ದಿನ ಅನ್ನುತ್ತಿದ್ದೆ. ಯಾರೂ ಬರೆಯಲಿಲ್ಲ, ಅದಕ್ಕೆ ನಾನೇ ಕೂತೆ.

ಎರಡು ಸಾವಿರದ ಎಂಟರ ಬೇಸಿಗೆ ನಾಟಿಯಲ್ಲಿ ಒಂದು ಘಟನೆ ನಡೆಯಿತು. ನಮ್ಮ ಗುಂಪಿನ ರೂಪಾ ತನ್ನ ಕೂಸನ್ನು ಬದುವಿನ ಮೇಲೆ ಮಲಗಿಸಿ ಗದ್ದೆಗೆ ಇಳಿದಿದ್ದಳು. ನಾವೆಲ್ಲ ಬಾಗಿದವರು, ಬೆನ್ನ ಹಿಂದೆ ಏನಾಗುತ್ತದೆ ಅಂತ ಕಾಣುವುದಿಲ್ಲ. ಕೂಸು ಎದ್ದು ಅಂಬೆಗಾಲಿಟ್ಟು ಕಾಲುವೆಯ ಅಂಚಿಗೆ ಹೋಗಿತ್ತು. ಎತ್ತಿಗೆ ನೀರು ಕುಡಿಸಲು ಬಂದಿದ್ದ ಆದೆಪ್ಪ ನೋಡಿ ಎತ್ತಿಕೊಂಡ, ಬದುಕಿತು. ಮರುದಿನದಿಂದ ರೂಪಾ ಕೆಲಸಕ್ಕೆ ಬರಲಿಲ್ಲ. ಮನೆಯಲ್ಲಿ ಕೂಸು ನೋಡುವ ಹಿರಿಯರು ಇಲ್ಲ, ದುಡಿಯದೆ ಒಲೆ ಹೊತ್ತುವುದಿಲ್ಲ.

ಹುಲಗೆಮ್ಮ ಗುಂಪನ್ನು ಕೂರಿಸಿಕೊಂಡು ಹೇಳಿದಳು: "ದಿನಾ ಒಬ್ಬಾಕಿ ಮರದ ಕೆಳಗ ಕುಂತು ಎಲ್ಲಾರ ಕೂಸು ನೋಡ್ಲಿ. ಆಕಿಗೂ ನಮ್ಮಷ್ಟ ಕೂಲಿ." ಗುಂಪು ಒಪ್ಪಿತು. ಗದ್ದೆಯ ಸಾಹುಕಾರ ದೇವೇಂದ್ರಪ್ಪ ಒಪ್ಪಲಿಲ್ಲ.

"ಗದ್ದಿಗೆ ಇಳೀದ ಆಳಿಗೆ ಕೂಲಿ ಯಾಕ ಕೊಡ್ಲಿ? ಯಲಬುರ್ಗಾದ ಕಡಿಂದ ಮಂಗಳೂರಿನ ಗುಂಪು ಬರತೈತಿ. ಅವರು ಹಿಂಗೆಲ್ಲ ಕೇಳಂಗಿಲ್ಲ" ಅಂದ.

ಅವನ ಮಾತು ಸುಳ್ಳಲ್ಲ. ಈ ಮಂಗಳೂರು ಕಡಲ ದಂಡೆಯದಲ್ಲ, ನಮ್ಮ ಜಿಲ್ಲೆಯದೇ ಒಂದು ಹಳ್ಳಿ. ಒಣ ಬೇಸಾಯದ ಆ ಊರಿನ ಹೆಂಗಸರು ನಾಟಿಯ ಕಾಲಕ್ಕೆ ನಮ್ಮ ಕಡೆ ಬಂದು ತಿಂಗಳುಗಟ್ಟಲೆ ಇರುತ್ತಾರೆ. ಅವರು ನಮ್ಮ ಜೊತೆ ನಿಲ್ಲದಿದ್ದರೆ ನಮಗೆ ಕೆಲಸವೇ ಇಲ್ಲ, ರೂಪಾಳಿಗಂತೂ ಮೊದಲೇ ಇಲ್ಲ. ಆದರೆ ನಮಗೂ ಅವರಿಗೂ ಮಾತೇ ಇರಲಿಲ್ಲ. ಅವರಿಗೆ ನಾವು ನೀರಿನ ಸೊಕ್ಕಿನವರು, ನಮಗೆ ಅವರು ಕೂಲಿ ಕಸಿಯಲು ಬಂದವರು.

ಆ ಜೂನ್‌ನಲ್ಲಿ ಕೊಪ್ಪಳದಲ್ಲಿ ಮಹಿಳಾ ಸಂಘಗಳ ಸಮಾವೇಶ ಇತ್ತು. ಜಿಲ್ಲೆಯ ನಾಲ್ಕೂ ತಾಲೂಕಿನವರು ಬಂದಿದ್ದರು. ನಡೆಸುವ ಭವಾನಿ ಅಕ್ಕಾರು ಮೈಕ್ ಹಿಡಿದು ಹೊಸ ಪದ್ಧತಿ ಹೇಳಿದರು: "ಈ ಸಲ ಭಾಷಣ ಇಲ್ರಿ. ಯಾರಿಗೆ ಏನ ಮಾತಾಡೋದೈತಿ ಎದ್ದು ಹೇಳ್ರಿ, ಹೋಗಿ ಒಂದೊಂದು ಮರದ ಕೆಳಗ ಕುಂದರ್ರಿ. ಆ ಮಾತು ಬೇಕಾದವರು ಅಲ್ಲಿಗೆ ಹೋಗ್ರಿ. ಹಿಡಿಸಲಿಲ್ಲಂದ್ರ ಎದ್ದು ಬ್ಯಾರೆ ಮರಕ್ಕ ಹೋಗ್ರಿ, ಯಾರೂ ಬ್ಯಾಸರ ಮಾಡ್ಕೋಬಾರದು."

ಒಬ್ಬಾಕೆ ಹೊಲಿಗೆ ಮಶೀನಿನ ಮಾತು ಎಂದಳು, ಇನ್ನೊಬ್ಬಾಕೆ ಕುಡಿಯುವ ನೀರಿನದು. ಹುಲಗೆಮ್ಮ ಎದ್ದು "ಗದ್ದ್ಯಾಗ ಕೂಸಿನ ಮಾತು" ಅಂದು ಒಂದು ಹೊಂಗೆ ಮರ ಹಿಡಿದಳು.

ಆಮೇಲೆ ಆದದ್ದು ನೋಡಿ. ಮಾತು ನೋಡಿ ಹೋದವರು ಯಾರೂ ಇಲ್ಲ. ಮರಳಿಯವರೆಲ್ಲ ಹುಲಗೆಮ್ಮನ ಮುಂದೆ ಕೂತರು. ಮಂಗಳೂರಿನ ಮುಂದಾಳು ಕಳಕಮ್ಮ ನೆರಳು ದಟ್ಟವಾಗಿದೆ ಅಂತ ಹುಣಸೆ ಮರಕ್ಕೆ ಹೋದಳು, ಅವಳ ಹಿಂದೆ ಇಡೀ ಮಂಗಳೂರು ಹೋಯಿತು. ಅಲ್ಲಿ ನಡೆದದ್ದು ಹೊಲಿಗೆ ಮಶೀನಿನ ಮಾತು. ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದ ಮುದುಕಿಯರೂ ಕೂತು ತಲೆ ಆಡಿಸುತ್ತಿದ್ದರು. ಭವಾನಿ ಅಕ್ಕಾರು ಮರದಿಂದ ಮರಕ್ಕೆ ಓಡಾಡಿ "ಬೇಕಾದಲ್ಲಿಗೆ ಏಳ್ರೀ" ಅಂದರೂ ಯಾರೂ ಏಳಲಿಲ್ಲ. ನಡುವೆ ಏಳುವುದೆಂದರೆ ಬಡಿಸಿದ ಎಲೆ ಬಿಟ್ಟು ಎದ್ದಂತೆ, ಕೂತವರಿಗೆ ಅವಮಾನ. ನಮ್ಮ ಕಡೆ ಅದನ್ನು ಮಾಡುವುದಿಲ್ಲ.

ಹುಲಗೆಮ್ಮ ನನ್ನ ಮುಖ ನೋಡಿದಳು. "ಚಿಗವ್ವ, ಒಪ್ಪಿದವರ ಮುಂದನ ಮತ್ತ ಏನ ಹೇಳ್ಲಿ?"

ಎದ್ದು ಸೀದಾ ಹುಣಸೆ ಮರಕ್ಕೆ ನಡೆದಳು. ಏನಾಗುತ್ತದೋ ಅಂತ ನಾನೂ ಹಿಂದೆ ಹೋದೆ.

"ಯಕ್ಕಾ," ಅಂದಳು ಕಳಕಮ್ಮನಿಗೆ, "ನಿಮ್ಮ ಮಂದ್ಯಾಗ ಅರ್ಧ ನನಗ ಕೊಡ್ರಿ. ನನ್ನ ಅರ್ಧ ಮಂದಿ ಇಲ್ಲಿ ಬಂದು ಮಶೀನಿನ ಮಾತು ಕೇಳತಾರ."

ಕಳಕಮ್ಮ ಎಲೆ ಅಡಿಕೆ ಜಗಿಯುತ್ತಾ ಕೆಳಗಿಂದ ಮೇಲೆ ನೋಡಿದಳು. "ಏನವಾ, ಹೆಣ್ಣು ಕೇಳಾಕ ಬಂದೀಯೇನ?"

"ಹೂಂ ರೀ. ಬರಿಗೈಲೆ ಕಳಸಬ್ಯಾಡ್ರಿ."

ಎಲ್ಲರೂ ನಕ್ಕರು. ಅದಲು ಬದಲು ಅಂದಮೇಲೆ ಯಾರಿಗೂ ಅವಮಾನವಿಲ್ಲ. ಅರ್ಧ ಮಂದಿ ಎದ್ದರು, ಏನಿದೆ ನೋಡೋಣ ಅಂತ ಕಳಕಮ್ಮನೂ ಬಂದಳು.

ನಾಟಿಯಲ್ಲಿ ಅಕ್ಕತಂಗಿಯರನ್ನು, ನೆರೆಮನೆಯವರನ್ನು ಪಕ್ಕಪಕ್ಕ ನಿಲ್ಲಿಸುವುದಿಲ್ಲ, ಹರಟೆಯಲ್ಲಿ ಕೈ ನಿಲ್ಲುತ್ತದೆ. ಹುಲಗೆಮ್ಮ ಹೊಂಗೆ ಮರದ ಕೆಳಗೂ ಅದನ್ನೇ ಮಾಡಿದಳು. ಒಬ್ಬಾಕೆ ಮಂಗಳೂರು, ಒಬ್ಬಾಕೆ ಮರಳಿ, ಹೀಗೆ ಸುತ್ತ ಕೂರಿಸಿದಳು. ತಾನು ಭಾಷಣ ಮಾಡಲಿಲ್ಲ. "ನಾಟಿಗೆ ಬಂದಾಗ ನಿಮ್ಮ ಕೂಸು ಎಲ್ಲಿರತೈತಿ? ಒಬ್ಬೊಬ್ಬರ ಹೇಳ್ರಿ" ಅಂದಳಷ್ಟೆ.

ಅವರವರ ಊರಿನವರ ನಡುವೆ ಆಡದ ಮಾತು ಪರವೂರಿನ ಪಕ್ಕದಾಕೆಗೆ ಆಡಿದರು. ಮಂಗಳೂರಿನ ಸಣ್ಣ ವಯಸ್ಸಿನ ಹೆಂಗಸೊಬ್ಬಳು ತಲೆ ಎತ್ತದೆ ಹೇಳಿದಳು: "ನಮ್ಮ ಅವ್ವನ ಹತ್ರ ಬಿಟ್ಟು ಬರತೀನ್ರಿ. ಎದಿ ಹಾಲು ತುಂಬಿ ನೋಯತೈತಿ. ಅರಿವಿ ಬಿಗದು ಕಟ್ಕೊಂಡು ಸಸಿ ಹಚ್ಚತೀನಿ. ತಿರುಗಿ ಹೋದಾಗ ಅದು ನನ್ನ ಗುರುತು ಹಿಡೀಲಿಲ್ಲ."

ರೂಪಾ ಆಕೆಯ ಪಕ್ಕದಲ್ಲೇ ಕೂತಿದ್ದಳು. ಆಕೆಯ ಕೈ ಹಿಡಿದುಕೊಂಡಳು.

ಕಳಕಮ್ಮ ಎಲೆ ಅಡಿಕೆ ಉಗುಳಿ ಬಂದಳು. ಆಕೆಯ ಮಾತು ಈಗ ಬೇರೆ ಥರ. "ಅದೆಲ್ಲ ಖರೆ. ಕೂಸು ನೋಡಾಕ ಯಾರು ಕುಂದರೋರು? ಕೆಲಸಗಳ್ಳಿ ಇರ್ತಾಳಲ್ಲ, ಆಕಿನೇ ಮುಂದ ಬರತಾಳ ನೋಡ."

"ಪಾಳಿ ಮ್ಯಾಲ ಕುಂದರೋದು ರೀ. ಮೊದಲನೇ ಪಾಳಿ ನಂದು."

"ನೀ ಗುಂಪಿನ ಮುಂದಾಳು. ನೀ ನೆರಳಿಗೆ ಕುಂತ್ರ ಮಂದಿ ಏನಂದಾರು?"

"ನಾ ಕುಂತ್ರ, ಮುಂದ ಕುಂದರೋರಿಗೆ ಯಾರೂ ಏನೂ ಅನ್ನಂಗಿಲ್ಲ."

ಕಳಕಮ್ಮ ಕೈ ಚಾಚಿದಳು. "ಆತು. ಮಂಗಳೂರಿನ ಗುಂಪೂ ಕೂಸು ನೋಡುವಾಕಿ ಇಲ್ಲದ ಗದ್ದಿಗೆ ಇಳ್ಯಂಗಿಲ್ಲ."

ಸಂಜೆಗೆ ಪ್ರತಿ ಮರದವರು ಮೈಕಿನ ಮುಂದೆ ತಮ್ಮ ಮಾತು ಹೇಳಬೇಕಿತ್ತು. ನಾವೆಲ್ಲ ಹುಲಗೆಮ್ಮನನ್ನು ತಳ್ಳಿದೆವು. ಆಕೆ ಕಳಕಮ್ಮನನ್ನು ಮುಂದೆ ಮಾಡಿದಳು. "ನಾ ಹೇಳಿದ್ರ ಅದು ಬರೇ ಮರಳಿಯವರ ಮಾತಾಗತೈತಿ ಚಿಗವ್ವ" ಅಂತ ನನ್ನ ಕಿವಿಯಲ್ಲಿ ಅಂದಳು. ಕಳಕಮ್ಮ ಮೈಕಿಗೆ ಬೈಯುವ ಹಾಗೆ ಕೂಗಿ ಹೇಳಿದಳು, ನಾಲ್ಕು ತಾಲೂಕು ಕೇಳಿತು. ಇಷ್ಟು ಜನರ ಮುಂದೆ ಆಡಿದ್ದನ್ನು ಆಕೆ ತಿರುಗಿಸುವ ಹೆಂಗಸಲ್ಲ. ಹುಲಗೆಮ್ಮನಿಗೆ ಅದು ಗೊತ್ತಿತ್ತು.

ಕಾಲುವೆಗೆ ನೀರು ಬಂತು, ಸಸಿ ಬೆಳೆದು ನಿಂತಿತು. ಹುಲಗೆಮ್ಮ ಮತ್ತೆ ಹೋಗಿ ಕೇಳಿದಾಗ ದೇವೇಂದ್ರಪ್ಪ ಒಪ್ಪದೆ ಮಂಗಳೂರಿಗೆ ಹೇಳಿಕಳಿಸಿದ. ಟ್ರ್ಯಾಕ್ಟರ್ ಬಂತು. ಇಷ್ಟು ವರ್ಷ ಹೆಂಗಸರಷ್ಟೇ ಇರುತ್ತಿದ್ದ ಟ್ರ್ಯಾಲಿಯಲ್ಲಿ ಈ ಸಲ ಕೂಸುಗಳ ಗದ್ದಲ.

"ಇದೇನ ಕಳಕಮ್ಮ, ಅಂಗನವಾಡಿ ತಂದೀ?" ಅಂದ ದೇವೇಂದ್ರಪ್ಪ.

"ಹೌದ್ರೀ ಸಾಹುಕಾರ್ರ. ಇವ್ರನ್ನ ನೋಡಾಕ ಒಂದಾಳಿನ ಕೂಲಿ ಹೆಚ್ಚಿಗಿ. ಮರಳಿಯವ್ರಿಗೂ ಅಷ್ಟ. ಒಲ್ಲೆಂದ್ರ ಟ್ರ್ಯಾಕ್ಟರ್ ಇನ್ನೂ ಬಿಸಿ ಐತಿ, ತಿರುಗಿ ಹೊಕ್ಕೀವಿ."

ಅವನು ಸಸಿಮಡಿ ನೋಡಿದ, ನಮ್ಮನ್ನು ನೋಡಿದ. ಸಸಿ ಬಲಿಯುತ್ತಿತ್ತು, ಇನ್ನು ನಾಲ್ಕು ದಿನ ತಡೆದರೆ ಕೆಡುತ್ತದೆ. "ಹಚ್ರಿ ನಾಟಿ, ಹಚ್ರಿ" ಅಂತ ಹೆಗಲ ಮೇಲಿನ ಟವೆಲ್ ಕೊಡವಿದ.

ಎರಡೂ ಗುಂಪು ಅಕ್ಕಪಕ್ಕದ ಗದ್ದೆಗೆ ಇಳಿದವು. ಹುಲಗೆಮ್ಮ ಆಡಿದ ಮಾತಿನಂತೆ ಬೇವಿನ ಮರದ ಕೆಳಗೆ ಕೂತಳು. ಅಷ್ಟು ಕೂಸುಗಳನ್ನು ಹಿಡಿಯುವುದು ನಾಟಿಗಿಂತ ಕಷ್ಟ ಅಂತ ಆಕೆಗೆ ಅರ್ಧ ತಾಸಿನಲ್ಲೇ ಗೊತ್ತಾಯಿತು. ಒಂದು ಕೊಂಕುಳಲ್ಲಿ, ಒಂದು ಬೆನ್ನಿಗೆ, ರೂಪಾಳ ಮಗ ಆಕೆಯ ಜಡೆ ಹಿಡಿದು ನಿಂತಿದ್ದಾನೆ.

"ರೂಪಾ! ನಿನ್ನ ಮಗಾ ಜಡಿ ಕಿತ್ತಾನ ನೋಡ!"

ರೂಪಾ ಬಾಗಿದಲ್ಲಿಂದ ಏಳಲಿಲ್ಲ, ತಿರುಗಿಯೂ ನೋಡಲಿಲ್ಲ. "ಕೀಳಲಿ ಬಿಡ ಯಕ್ಕಾ" ಅಂತ ನಗುತ್ತಾ ಸಸಿ ಊರಿದಳು.