ಅಮೆರಿಕದ ಕ್ಯಾಂಡಿಡೇಟು, ಹುಮನಾಬಾದಿನ ವೈನಿ

ಕಳೆದ ತಿಂಗಳು ಹುಮನಾಬಾದಿಗೆ ಹೋಗಿದ್ದೆ. ಅಣ್ಣನ ಮನೆಯ ಹೊಸ್ತಿಲು ದಾಟುತ್ತಿದ್ದಂತೆ ವೈನಿ ಅಂದರು: "ಬರ್ರಿ, ಕೂಡ್ರಿ."

ನನ್ನ ಹಿಂದೆ ಯಾರೋ ಬಂದಿದ್ದಾರೆ ಅಂದುಕೊಂಡು ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ವೈನಿ ಅಂದರೆ ಅಣ್ಣನ ಹೆಂಡತಿ, ಅತ್ತಿಗೆ. ನಲವತ್ತು ವರ್ಷದಿಂದ ನನ್ನನ್ನು "ಬಾ", "ಕೂಡು", "ಉಣ್ಣು" ಅಂತಲೇ ಮಾತಾಡಿಸಿದವರು. ಒಮ್ಮೆ ನಮ್ಮ ಕಾಲೇಜಿನ ಪ್ರಿನ್ಸಿಪಾಲರನ್ನು ಕರೆದುಕೊಂಡು ಹೋಗಿದ್ದೆ. ಅವರೆದುರಿಗೇ "ಏ ತಮ್ಮಾ, ಮಾರಿ ತೊಳ್ಕೊಂಡು ಬಾ, ಎಷ್ಟ ಧೂಳ ಹತ್ಯಾದ ನೋಡು" ಅಂದಿದ್ದರು. ಅಂಥವರ ಬಾಯಿಂದ ಆ ಒಂದು "ರಿ" ಬಂದರೆ ಹೇಗಾಗಬೇಡ? ಮರ್ಯಾದೆ ಕೊಟ್ಟೂ ಒಬ್ಬನನ್ನು ಹೊರಗೆ ನಿಲ್ಲಿಸಬಹುದು ಅಂತ ಅವತ್ತು ಗೊತ್ತಾಯಿತು.

ತಪ್ಪು ನನ್ನದೇ. ಶುರುವಾದದ್ದು ಅಮೆರಿಕದಿಂದ.

(ನಗಬೇಡಿ. ನಿಜವಾಗಿಯೂ ಅಲ್ಲಿಂದಲೇ.)

ಅಲ್ಲಿ ಅಧ್ಯಕ್ಷರ ಎಲೆಕ್ಷನ್ ನಡೆದಿತ್ತು. ಒಂದು ಕಡೆ ಒಬ್ಬ ಗಂಡಸು, ಇನ್ನೊಂದು ಕಡೆ ಒಬ್ಬ ಹೆಂಗಸು. ಎಲೆಕ್ಷನ್ ಅಲ್ಲಿ, ಕಾವು ಇಲ್ಲಿ. ನಾನಿರುವ ಬಸವಕಲ್ಯಾಣದಲ್ಲಿ ಬಸ್ ಸ್ಟ್ಯಾಂಡಿನ ಎದುರಿನ ಚಹಾದಂಗಡಿಯವನೂ ಪಾರ್ಟಿ ಹಿಡಿದುಬಿಟ್ಟಿದ್ದ. "ಆತ ಗೆದ್ರ ಎಣ್ಣಿ ಸಸ್ತಾ ಆಗ್ತದಂತ್ರಿ ಸರ್" ಅಂದ. ಯಾವ ಎಣ್ಣೆ ಅಂತ ಕೇಳಿದೆ. "ಅದು ಗೊತ್ತಿಲ್ರಿ" ಅಂದ. ಕಟಿಂಗ್ ಅಂಗಡಿಯಲ್ಲಿ ನನ್ನ ಕುತ್ತಿಗೆಯ ಮೇಲೆ ಕತ್ತಿ ಇಟ್ಟುಕೊಂಡೇ ಒಬ್ಬಾತ ಇಬ್ಬರಲ್ಲಿ ಯಾರು ಲಾಯಕ್ಕು ಅಂತ ತೀರ್ಪು ಕೊಟ್ಟ. ಅಂಥ ಹೊತ್ತಿನಲ್ಲಿ ಯಾರು ತಾನೇ ವಾದ ಮಾಡುತ್ತಾರೆ?

ಅವರು ಏನು ಹೇಳುತ್ತಿದ್ದಾರೆ, ತಮ್ಮ ಜನಕ್ಕೆ ಏನು ಮಾಡುತ್ತಾರಂತೆ, ಇದೆಲ್ಲ ನಮಗೆ ಯಾರಿಗೆ ಗೊತ್ತಿತ್ತು? ಆತನ ದನಿ ಜೋರು, ಆದ್ದರಿಂದ ಗಟ್ಟಿಗ. ಆಕೆ ನಗುತ್ತಾಳೆ, ಆದ್ದರಿಂದ ಹಗುರ. ಹೆಣ್ಣು ನೋಡಲು ಹೋದವರ ಹಾಗೆ ನಡಿಗೆ ನೋಡಿದೆವು, ಬಟ್ಟೆ ನೋಡಿದೆವು, ಗಂಡನ ಜೊತೆ ಹೇಗಿದ್ದಾಳೆ ಅಂತ ನೋಡಿದೆವು. ಮನೆಯಲ್ಲಿ ಹೆಂಗಸರನ್ನು ಅಳೆಯುವ ಕೋಲು ಒಂದೇ ತಾನೆ ನಮ್ಮ ಹತ್ತಿರ ಇರುವುದು? ಅದನ್ನೇ ಸಮುದ್ರದಾಚೆಗೂ ಚಾಚಿದೆವು.

ಇನ್ನು ವೈನಿಯ ವಿಷಯ ಹೇಳಬೇಕು.

ನಮ್ಮದು ಮುಡಬಿ ಕಡೆಯ ಹಳ್ಳಿ. ಎಂಟನೇ ವಯಸ್ಸಿಗೆ ನನಗೆ ಅವ್ವ ಇಲ್ಲದಾದಳು. ಅದಕ್ಕೂ ಮೊದಲೇ ಅಪ್ಪ ಹೋಗಿದ್ದ. ಅಣ್ಣ ಹುಮನಾಬಾದಿನಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟು, ಆಗಷ್ಟೇ ಮದುವೆಯಾಗಿದ್ದ. ಹೊಸ ಸೊಸೆಯಾಗಿ ಬಂದ ಶಕುಂತಲಾ ವೈನಿಗೆ ಆಗ ಹತ್ತೊಂಬತ್ತು ವರ್ಷ. ಬಂದ ಎರಡನೇ ತಿಂಗಳಿಗೇ ಒಬ್ಬ ಮೈದುನನನ್ನು ಸಾಕುವ ಕೆಲಸ.

ವೈನಿಯದು ಗಡಿಯಾಚೆಯ ಮರಾಠಿ ಊರು. ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ನನ್ನ ಶಾಲೆಯ ಪುಸ್ತಕ ಹಿಡಿದು, ನನ್ನ ಪಕ್ಕದಲ್ಲೇ ಕೂತು, ಒಂದೊಂದೇ ಅಕ್ಷರ ಕಲಿತರು. ನಾನು ತಪ್ಪು ಓದಿದರೆ ಗೊತ್ತಾಗಬೇಕು ಅಂತ. ಪ್ರೋಗ್ರೆಸ್ ಕಾರ್ಡಿನಲ್ಲಿ ಪಾಲಕರ ಸಹಿ ಅನ್ನುವ ಜಾಗದಲ್ಲಿ ಅವರು ಮೊದಲ ಸಲ ಕನ್ನಡದಲ್ಲಿ ತಮ್ಮ ಹೆಸರು ಬರೆದಾಗ, ಶ-ದ ಹೊಟ್ಟೆ ಎಷ್ಟು ದೊಡ್ಡದಾಗಿತ್ತೆಂದರೆ ಮಾಸ್ತರರು ನಕ್ಕಿದ್ದರು. ನನಗೆ ಸಿಟ್ಟು ಬಂದಿತ್ತು.

ಅವರಿಗೆ ಮಕ್ಕಳಾಗಲಿಲ್ಲ. ಸೋಲಾಪುರದ ಡಾಕ್ಟರು, ಹೈದರಾಬಾದಿನ ಡಾಕ್ಟರು, ಎಲ್ಲ ಆಯಿತು. ಆಮೇಲೆ ಆ ಮಾತನ್ನೇ ಬಿಟ್ಟರು. ಓಣಿಯ ಹೆಂಗಸರ ಸಂಘ ಕಟ್ಟಿದರು. ನಲ್ಲಿ ನೀರಿಗಾಗಿ ಪುರಸಭೆಯ ಬಾಗಿಲಲ್ಲಿ ಕೊಡ ಇಟ್ಟುಕೊಂಡು ಕೂತು, ನೀರು ಬಿಡಿಸಿದರು. ಮತ್ತು ಪೇಪರಿನಲ್ಲಿ ನನ್ನ ಈ ಅಂಕಣ ಬಂದ ದಿನ ತಪ್ಪದೆ ಫೋನು. "ಮೂರನೇ ಪ್ಯಾರಾ ಜರಾ ಉದ್ದ ಆಗ್ಯಾದ ನೋಡ್ತಮ್ಮಾ." ನನ್ನ ಮೊದಲ ಓದುಗರು ಅವರು. ಕಠಿಣ ಓದುಗರೂ ಹೌದು.

ದಸರಾ ರಜೆಯಲ್ಲಿ ವೈನಿ ಊಟಕ್ಕೆ ಕರೆದರು. "ಜರೂರ ಬಾ, ನಿನ್ನ ಕೂಡ ಒಂದ ಮಾತ ಅದ" ಅಂದಿದ್ದರು. ಹೋದೆ. ಅಣ್ಣನ ಗೆಳೆಯ ಬಾಬುರಾವ್ ಕೂಡ ಇದ್ದ. ಬಸ್ ಕಂಡಕ್ಟರಾಗಿ ರಿಟೈರ್ ಆದವನು. ಮಾತಿನಲ್ಲಿ ಇನ್ನೂ ಸೀಟಿ ಊದುತ್ತಾನೆ.

ಜೋಳದ ರೊಟ್ಟಿ, ಪುಂಡಿ ಪಲ್ಯ, ಗೋಧಿ ಹುಗ್ಗಿ. ಟೀವಿಯಲ್ಲಿ ಆ ಇಬ್ಬರು. ನಾವು ಮೂವರು ಗಂಡಸರು ಸಾಲಾಗಿ ಕೂತು ಉಣ್ಣುತ್ತಿದ್ದೆವು, ವೈನಿ ಬಡಿಸುತ್ತಿದ್ದರು.

"ಹೆಣ್ಮಗಳ ಕೈಯಾಗ ಅಷ್ಟ ದೊಡ್ಡ ದೇಶ ಕೊಡ್ತಾರೇನ್ರಿ?" ಬಾಬುರಾವ್ ಶುರು ಮಾಡಿದ.

"ಕೊಟ್ರ ಏನಾಗ್ತದ?" ಅಂದ ಅಣ್ಣ, ಸುಮ್ಮನೆ ಕೆಣಕಲು.

ಮಾತು ಬೆಳೆಯಿತು. ನನಗೂ ಬಾಯಿ ಸುಮ್ಮನಿರಲಿಲ್ಲ. ಮೊಬೈಲಿನಲ್ಲಿ ಎರಡು ದಿನದ ಹಿಂದೆ ಯಾರೋ ಏನೋ ಕಳಿಸಿದ್ದರು. ನಿಜವೋ ಸುಳ್ಳೋ ನಾನು ವಿಚಾರಿಸಿರಲಿಲ್ಲ. (ಕ್ಲಾಸಿನಲ್ಲಿ ಮಕ್ಕಳಿಗೆ ಮಾತ್ರ "ಮೂಲ ನೋಡಿ" ಅಂತ ಹೇಳುತ್ತೇನೆ.) ಅದನ್ನು ನನ್ನ ಸ್ವಂತ ಜೋಕು ಅನ್ನುವ ಹಾಗೆ ಹೇಳಿದೆ.

"ಆಕಿಗೆ ಸ್ವಂತದ್ದೊಂದು ಕೂಸಿಲ್ಲ. ಮಂದಿ ಮಕ್ಕಳ ಚಿಂತಿ ಆಕಿಗೇನ ಗೊತ್ತಾಗ್ತದ ಬಿಡ್ರಿ!"

ಬಾಬುರಾವ್ ತೊಡೆ ತಟ್ಟಿಕೊಂಡು ನಕ್ಕ. ಅಣ್ಣನೂ ನಕ್ಕ. ನಾನಂತೂ ಸರಿಯೇ, ಹೇಳಿದವನು.

ವೈನಿ ರೊಟ್ಟಿ ಹಿಡಿದುಕೊಂಡು ನನ್ನ ಮುಂದೆ ನಿಂತಿದ್ದರು. "ಹಾಕ್ಲ್ಯಾ?" ಅಂದರು. ಹಾಕಿದರು. ಒಳಗೆ ಹೋದರು.

ನಾನು ಹುಗ್ಗಿಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡೆ. ಸಂಜೆ ಬಸ್ಸು ಹತ್ತುವಾಗ, "ಅದೇನೋ ಮಾತ ಅದ ಅಂದಿದ್ರಿ ವೈನಿ?" ಅಂತ ಕೇಳಿದೆ. "ಏನಿಲ್ಲ" ಅಂದರು. ಏನಿಲ್ಲ ಅಂದರೆ ಏನಿಲ್ಲ ಅಂತಲೇ ನಂಬುವವನು ನಾನು. ಇಪ್ಪತ್ತು ವರ್ಷದಿಂದ ಭಾಷೆ ಪಾಠ ಮಾಡುತ್ತಿದ್ದೇನೆ!

ಆ ವಾರ ಅಂಕಣ ಬಂತು, ಫೋನು ಬರಲಿಲ್ಲ. ಮುಂದಿನ ವಾರವೂ ಇಲ್ಲ. ಮೂರನೇ ವಾರಕ್ಕೆ ಬಸ್ಸು ಹತ್ತಿದೆ. ಮೊದಲು ಹೇಳಿದೆನಲ್ಲ, ಆ "ಬರ್ರಿ, ಕೂಡ್ರಿ" ಆಗಲೇ.

ಚಹಾ ಕೊಟ್ಟು ವೈನಿ ಹಿತ್ತಲಿಗೆ ಹೋದರು. ನಾನು ಎದ್ದು ಅಣ್ಣನ ಅಂಗಡಿಗೆ ನಡೆದೆ. ಅಣ್ಣ ಚೀಲಗಳ ನಡುವೆ ಒಬ್ಬನೇ ಕೂತಿದ್ದ.

"ವೈನಿಗೆ ಏನಾಗ್ಯಾದ ಅಣ್ಣಾ?"

ಅವನು ಚೀಲವೊಂದರ ಬಾಯಿ ಕಟ್ಟಿದ. ಆಮೇಲೆ ಅಂದ: "ಪುರಸಭೆ ಎಲೆಕ್ಷನ್ ಬಂದದ, ನಮ್ಮ ವಾರ್ಡ ಈ ಸಲ ಹೆಣ್ಮಕ್ಕಳಿಗೆ ರಿಸರ್ವ್ ಆಗ್ಯಾದ. ಓಣ್ಯಾಗಿನ ಹೆಣ್ಮಕ್ಕಳೆಲ್ಲ ಬಂದು, ನೀವೇ ನಿಂದ್ರಬೇಕು ಅಂತ ಆಕಿನ್ನ ಒಪ್ಪಿಸಿದ್ರು. ಅವತ್ತ ನಿನಗ ಊಟಕ್ಕ ಕರೆದದ್ದು ಅದಕ್ಕೇ. ಫಾರಂ ನಿನ್ನ ಕೈಲೇ ತುಂಬಸ್ಬೇಕಂತ ತಂದಿಟ್ಟಿದ್ಳು."

"ಮತ್ತ ಹೇಳಲಿಲ್ಲ ಯಾಕ?"

"ಹ್ಯಾಂಗ ಹೇಳ್ತಾಳ? ಆಕಿ ಬಾಯಿ ತೆಗೆಯೋದರಾಗ ನೀ ಹೇಳಿ ಮುಗಿಸಿದ್ದಿ."

ಆಗ ಮಾತ್ರ ನೆನಪಾಯಿತು, ಹೇಳಿದ್ದೇನು, ಯಾರ ಮುಂದೆ ಅಂತ.

"ನೀ ಅಂದದ್ದಕ್ಕಿಂತ ನಾ ನಕ್ಕದ್ದು ಆಕಿಗೆ ಹೆಚ್ಚ ಹತ್ಯಾದ" ಅಂದ ಅಣ್ಣ. "ಊಟಕ್ಕ ನೀಡ್ತಾಳ, ಚಹಾ ಕೊಡ್ತಾಳ. ಮಾತಿಲ್ಲ. ನಾ ಯಾಕ ನಕ್ಕೆ ಅಂತ ನನಗೇ ತಿಳಿವಲ್ದು."

ಓಡಿದಂತೆ ಮನೆಗೆ ವಾಪಸ್ ಬಂದೆ. ವೈನಿ ಹಿತ್ತಲ ಕಟ್ಟೆಯ ಮೇಲೆ ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದರು.

"ವೈನಿ, ತಪ್ಪಾಯ್ತು. ಅದು ನಿಮಗ ಅಂದದ್ದಲ್ಲ. ಆ ಅಮೆರಿಕದಾಕಿಗೆ ಅಂದದ್ದು."

ಮೊರ ಕೆಳಗಿಟ್ಟರು. ಅಷ್ಟು ಹೊತ್ತಿನ "ರಿ" ಎಲ್ಲಿ ಹೋಯಿತೋ!

"ಆಕಿ ಎಲ್ಲಿ, ನೀ ಎಲ್ಲಿ? ನಿನ್ನ ಮಾತ ಅಲ್ಲಿತನಾ ಮುಟ್ತದೇನು? ನಡುವ ನಾ ನಿಂತಿದ್ದೆ."

"ನನಗ ನೀವೇ ಅವ್ವ ಇದ್ದಂಗ, ವೈನಿ" ಅಂದೆ. ಅಂದ ಕೂಡಲೇ, ಈ ಮಾತು ಎಷ್ಟು ತಡವಾಗಿ ಬಂತು ಅನ್ನಿಸಿತು.

"ಮಂದಿ ಭಾಳ ಅಂದಾರ ತಮ್ಮಾ" ಅಂದರು ವೈನಿ. "ನಿಮ್ಮ ಸೋದರತ್ತಿ ಅಂದ್ಳು. ತೊಟ್ಟಿಲಿಗೆ ಹಾಕೋ ಕಾರ್ಯದಾಗ ನನ್ನ ಹಿಂದ ಸರಿಸಿದ್ರು. ನಾ ಒಂದ ದಿನ ಅತ್ತಿಲ್ಲ. ಯಾಕಂದ್ರ ನನಗ ಮಕ್ಕಳಿಲ್ಲ ಅಂತ ನಾ ಎಂದೂ ಅನ್ಕೊಂಡಿದ್ದಿಲ್ಲ."

ಸೆರಗಿನಿಂದ ಕೈ ಒರೆಸಿಕೊಂಡರು.

"ಅವತ್ತ ನೀನೇ ಹೇಳಿದಿ, ಇಲ್ಲ ಅಂತ."

ಅವರ ಕಾಲ ಬಳಿ ಕೂತೆ. ಕೊನೆಗೆ ದಡ್ಡನ ಹಾಗೆ, "ಫಾರಂ ಎಲ್ಲಿ ಅದ್ರಿ? ಕೊಡ್ರಿ, ಈಗಿಂದೀಗ ತುಂಬಿ ಕೊಡ್ತೀನಿ" ಅಂದೆ.

"ತಾರೀಖು ನಿನ್ನೆ ಮುಗೀತು."

"ಓಣ್ಯಾಗಿನವ್ರು ಏನೂ ಅನ್ಲಿಲ್ಲೇನ್ರಿ?"

"ಬಂದಿದ್ರು. ಕೈ ಹಿಡಿದು ಕೇಳ್ಕೊಂಡ್ರು. ನಾ ಅಂದೆ, ನಾಳೆ ಯಾರರ ಮೈಕ್ ಹಿಡಿದು ಇದೇ ಮಾತ ಅಂದ್ರ, ಎದ್ದು ನಿಂತು ಇಲ್ಲ ಅನ್ನಾಕ ನನಗ ಯಾರದಾರ?" ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡರು. "ಹೊತ್ತಾಯ್ತು. ಉಂಡು ಹೋಗ್ರಿ."

ಉಂಡೆ. ಅವರು ನೋಡುತ್ತಿದ್ದರಲ್ಲ.

ಆಮೇಲೆ ಅಮೆರಿಕದ ರಿಸಲ್ಟ್ ಬಂತು. ಆಕೆ ಸೋತಳು. ಬಾಬುರಾವ್ ಫೋನ್ ಮಾಡಿ, "ನಾ ಅಂದಿದ್ದಿಲ್ಲೇನ್ರಿ ಸರ್?" ಅಂತ ಕೇಕೆ ಹಾಕಿದ. ಚಹಾದಂಗಡಿಯವನು ಅವತ್ತೇ ಆ ದೇಶವನ್ನು ಮರೆತು ಕ್ರಿಕೆಟ್ಟಿಗೆ ಹೊರಳಿದ. ಕಟಿಂಗ್ ಅಂಗಡಿಯಲ್ಲಿ ಈಗ ಬೇರೆ ತೀರ್ಪುಗಳು. ಆಕೆಯ ಬಗ್ಗೆ ಇಲ್ಲಿ ನಾವಾಡಿದ ಒಂದು ಮಾತೂ ಆಕೆಗೆ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ದೂರದವರ ಬಗ್ಗೆ ಮಾತಾಡುವುದರಲ್ಲಿ ಇರುವ ಸುಖವೇ ಅದಲ್ಲವೇ? ಯಾರಿಗೂ ನೋಯಲಿಲ್ಲ ಅಂತ ಅಂದುಕೊಂಡು ಎಲೆ ಮಡಚಿ ಏಳಬಹುದು.

ಹುಮನಾಬಾದಿನ ಆ ವಾರ್ಡಿನಲ್ಲಿ ಒಬ್ಬಾಕೆ ಅವಿರೋಧವಾಗಿ ಆರಿಸಿ ಬಂದರು. ಪಾಪ, ಅವರನ್ನು ನಾನು ಬೈಯುವುದಿಲ್ಲ. ಬ್ಯಾನರಿನಲ್ಲಿ ಅವರ ಗಂಡನ ಮುಖ ದೊಡ್ಡದಾಗಿದೆ, ಅವರದು ಮೂಲೆಯಲ್ಲಿ ಅಂಚೆಚೀಟಿಯಷ್ಟು. ಓಣಿಯಲ್ಲಿ ಮತ್ತೆ ಹತ್ತು ದಿನಕ್ಕೊಮ್ಮೆ ನೀರು ಅಂತ ಅಣ್ಣ ಹೇಳಿದ. ಅಣ್ಣನ ಜೊತೆ ವೈನಿ ಈಗ ಎರಡು ಮಾತು ಆಡುತ್ತಾರಂತೆ. ನನಗೆ ಫೋನು ಬರುವುದಿಲ್ಲ. ನಾನೇ ಮಾಡುತ್ತೇನೆ. ಎತ್ತುತ್ತಾರೆ. ನನ್ನ ಹೆಂಡತಿಯನ್ನು ವಿಚಾರಿಸುತ್ತಾರೆ, ಮಕ್ಕಳ ಪರೀಕ್ಷೆ ಕೇಳುತ್ತಾರೆ. ಅಂಕಣದ ಮಾತು ಮಾತ್ರ ಎತ್ತುವುದಿಲ್ಲ. ಇದನ್ನು ಓದುತ್ತಾರೋ ಇಲ್ಲವೋ ಗೊತ್ತಿಲ್ಲ.

ಆ ದೇಶದಲ್ಲಿ ನನಗೆ ಓಟಿಲ್ಲ. ಹುಮನಾಬಾದಿನ ಆ ವಾರ್ಡಿನಲ್ಲೂ ಇಲ್ಲ. ಆದರೂ ಒಬ್ಬ ಕ್ಯಾಂಡಿಡೇಟನ್ನು ನಾನೊಬ್ಬನೇ ಸೋಲಿಸಿದೆ.