ಕೌದಿಯ ಭಾರ

ಚಳಿಯನ್ನು ಸೃಷ್ಟಿಸಿದ ಕೈಯಿಂದಲೇ ಹತ್ತಿಯ ಗಿಡವನ್ನೂ ಸೃಷ್ಟಿಸಿ, ಹರಿದ ಬಟ್ಟೆಯನ್ನು ವ್ಯರ್ಥವಾಗಗೊಡದ ಬುದ್ಧಿಯನ್ನು ನಮ್ಮ ತಾಯಂದಿರಿಗೆ ಕರುಣಿಸಿದ ಪರಮೇಶ್ವರನಿಗೆ ಮೊದಲ ವಂದನೆ. ಈ ಹೊತ್ತಿನವರೆಗೆ ಉಸಿರನ್ನು ನಡೆಸಿಕೊಂಡು ಬಂದವನೂ, ಬರೆಯಲು ಕುಳಿತ ನನ್ನ ಬೆರಳುಗಳಲ್ಲಿ ಇನ್ನೂ ನೋವನ್ನಿಡದೆ ಉಳಿಸಿದವನೂ ಅವನೇ; ಈ ಎರಡನೆಯ ಉಪಕಾರ ಎಷ್ಟು ದೊಡ್ಡದೆಂಬುದನ್ನು ತಿಳಿಯಲು ನನಗೆ ಮುಪ್ಪು ಬರಬೇಕಾಯಿತು. ತಿಳಿಸಿದವಳು ನನ್ನ ತಂಗಿ ನೀಲವ್ವ.

ಗೆಳೆಯರೇ, ನಾನು ಹೊದ್ದು ಮಲಗುವ ಕೌದಿ ಅವಳೇ ಹೊಲಿದದ್ದು. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳನ್ನೆಲ್ಲ ಪದರ ಪದರವಾಗಿ ಹಾಸಿ, ಅಂಚಿನಿಂದ ನಡುವಿಗೆ ಇರುವೆಯ ಸಾಲಿನಂಥ ಹೊಲಿಗೆ ಹಾಕುತ್ತ ಬಂದರೆ ಅದು ಕೌದಿ. ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೆ ಹೋಳಿಗೆಯ ಒಂದು ತುಣುಕನ್ನಿಟ್ಟು ಹೊಲಿಯುವುದು ನಮ್ಮ ಮನೆಯ ಹೆಂಗಸರ ಪದ್ಧತಿ. ಕೌದಿಯ ಹೊಟ್ಟೆ ಹಸಿದಿರಬಾರದಂತೆ. ಹಸಿದ ಕೌದಿ ಹೊದ್ದವರ ನಿದ್ದೆಯನ್ನೇ ತಿನ್ನುತ್ತದಂತೆ. ಬೈಲಹೊಂಗಲದ ಬಯಲಿನ ಮೇಲೆ ಮಾಗಿಯ ಗಾಳಿ ಬೀಸತೊಡಗಿದಾಗ ನಾನು ಆ ಕೌದಿಯ ಭಾರವನ್ನು ಎದೆಯ ಮೇಲೆ ಎಳೆದುಕೊಂಡು, ತಾಯಿಯ ಕೈಯೊಂದು ಮೈಮೇಲೆ ಇದ್ದಂತೆ ನಿಶ್ಚಿಂತನಾಗಿ ಮಲಗುತ್ತಿದ್ದೆ. ಪ್ರೀತಿಗೆ ತೂಕವಿದ್ದರೆ ಅದು ಕೌದಿಯಷ್ಟಿದ್ದೀತು ಎಂದು ಎಷ್ಟೋ ಸಲ ಅಂದುಕೊಂಡದ್ದುಂಟು. ಆ ತೂಕವೇ ಇನ್ನೊಂದು ಮೈಗೆ ಕಲ್ಲಾಗಬಹುದೆಂಬ ಯೋಚನೆ ಶಾಲೆಯಲ್ಲಿ ಪಾಠ, ಗುಡಿಯಲ್ಲಿ ಪುರಾಣ ಹೇಳುವ ನನ್ನಂಥ ಓದಿದವನಿಗೂ ಹೊಳೆದಿರಲಿಲ್ಲ.

ನೀಲವ್ವನನ್ನು ಸವದತ್ತಿ ತಾಲೂಕಿನ ಚಚಡಿಗೆ ಕೊಟ್ಟಿತ್ತು. ಗಂಡ ಈರಪ್ಪ ಜೋಳ, ಹತ್ತಿ ಬೆಳೆಯುವ ಒಕ್ಕಲಿಗ. ದುಡಿಮೆಯ ಮನುಷ್ಯ, ಮಾತು ಮಾತ್ರ ಸ್ವಲ್ಪ ಒರಟು. ಒಬ್ಬಳೇ ಮಗಳು ಗಿರಿಜಾ. ಮಗಳು ಲಂಗದಿಂದ ಸೀರೆಗೆ ಬರುವ ಹೊತ್ತಿಗೆ ತಾಯಿಯ ಮೈಯಲ್ಲಿ ಒಂದು ನೋವು ಮನೆ ಮಾಡಿತ್ತು. ಇಂಥಲ್ಲಿ ಎಂದು ಬೆರಳಿಟ್ಟು ತೋರಿಸಲಾಗದ ನೋವು. ಇಂದು ಹೆಗಲಲ್ಲಿದ್ದರೆ ನಾಳೆ ಸೊಂಟದಲ್ಲಿ, ನಾಡಿದ್ದು ಮೈತುಂಬ. ರಾತ್ರಿ ಮಲಗಿದವಳು ಬೆಳಿಗ್ಗೆ ಏಳುವಾಗ ಮಲಗಿದ್ದಕ್ಕಿಂತ ಹೆಚ್ಚು ದಣಿದಿರುತ್ತಿದ್ದಳು. ಬಳೆ ಇಡಿಸಿಕೊಳ್ಳುವಾಗ ಬಳೆಗಾರ ಕೈ ಹಿಡಿದರೆ ಕಣ್ಣಲ್ಲಿ ನೀರು. ಊತವಿಲ್ಲ, ಗಾಯವಿಲ್ಲ, ಜ್ವರವಿಲ್ಲ. ಹೀಗಾಗಿ ಊರಿಗೆ ನಂಬಿಕೆಯೂ ಇಲ್ಲ.

ಪಕ್ಕದ ಮನೆಯ ಬಸಲಿಂಗವ್ವ ನನ್ನೆದುರಿಗೇ ಅಂದಿದ್ದಳು: “ಕೈ ಬಾತಿಲ್ಲ, ಕಾಲು ಮುರದಿಲ್ಲ, ಮಾರಿ ನೋಡಿದ್ರ ಹಬ್ಬದ ಹೋಳಿಗಿ ಉಂಡಂಗ ಐತಿ. ಎಂಥಾ ಬ್ಯಾನೀನ ಯವ್ವಾ ನಿಂದು, ಕೆಲಸಾ ನೋಡಿ ಬರೂ ಬ್ಯಾನಿ?”

“ಹೌದವಾ ಬಸಲಿಂಗಿ,” ಎಂದಳು ನೀಲವ್ವ, “ಕೆಲಸಾ ನೋಡಿ ಬರತೈತಿ, ಕೆಲಸಾ ಮುಗದ ಮ್ಯಾಲೂ ಹೋಗೂದಿಲ್ಲ. ಥೇಟ್ ನಿನ್ನಂಗ. ಬಾ, ಚಾ ಕುಡಿ.”

ಇಬ್ಬರೂ ನಕ್ಕರು. ನಗುವಾಗ ತಂಗಿ ಪಕ್ಕೆಯನ್ನು ಒತ್ತಿ ಹಿಡಿದುಕೊಂಡದ್ದನ್ನು ನಾನು ನೋಡಿದೆ.

ಅವಳನ್ನು ಬೈಲಹೊಂಗಲಕ್ಕೆ ಕರೆತಂದು ಒಬ್ಬ ವೈದ್ಯರಿಗೆ ತೋರಿಸಿದೆ. ಸಾವಧಾನದ ಮನುಷ್ಯ. ಪರೀಕ್ಷೆಗಳನ್ನೆಲ್ಲ ಮುಗಿಸಿ ನಮ್ಮನ್ನು ಕೂರಿಸಿಕೊಂಡು, “ಮಾಸ್ತರ್ರ, ಎಕ್ಸರೇದಾಗ ಏನಿಲ್ಲ, ರಕ್ತದಾಗ ಏನಿಲ್ಲ. ಹಂಗಂದ್ರ ಬ್ಯಾನೀನ ಇಲ್ಲ ಅಂತಲ್ಲ. ನನ್ನ ಕಣ್ಣಿಗೆ ಕಾಣವಲ್ದು ಅಂತ,” ಎಂದರು. ಆಮೇಲೆ ತಂಗಿಯ ಕಡೆ ತಿರುಗಿ ಅವರು ಕೇಳಿದ ಪ್ರಶ್ನೆಗಳು ನನಗೆ ವಿಚಿತ್ರವೆನಿಸಿದವು. ನಿಮ್ಮ ತಾಯಿಗೆ ಹೀಗಿತ್ತೇ? ಕಣ್ತುಂಬ ನಿದ್ದೆ ಮಾಡದೆ ಬಹಳ ಕಾಲವಾಯಿತೇ? ದೊಡ್ಡ ಜ್ವರವೇನಾದರೂ ಬಂದು ಹೋಗಿತ್ತೇ? ಎಲ್ಲಾದರೂ ಬಿದ್ದಿದ್ದಿರಾ? ಮನಸ್ಸಿಗೆ ಪೆಟ್ಟು ಬಿದ್ದಿತ್ತೇ? ಒಂದೊಂದಕ್ಕೂ ಅವಳು ಹೂಂ ಎನ್ನುತ್ತ ಹೋದಳು.

“ಹಂಗಾರ ಇದರಾಗ ಯಾವದರಿಂದ ಬಂತ್ರಿ?” ಎಂದು ನಾನು ಕೇಳಿದೆ.

“ಅದs ಗೊತ್ತಿಲ್ರಿ. ಇವೆಲ್ಲಾ ಇದ್ದವರಿಗೆಲ್ಲಾ ಬರೂದಿಲ್ಲ. ಬಂದವರನ್ನ ಕೇಳಿದ್ರ ಇವುಗಳಾಗ ಒಂದಿಲ್ಲೊಂದು ಇರತೈತಿ. ಹೆಣ್ಣಮಕ್ಕಳಿಗೇ ಜಾಸ್ತಿ. ಇಷ್ಟs ನನಗ ತಿಳದದ್ದು.”

ತರ್ಕಶಾಸ್ತ್ರ ಓದಿದವನು ನಾನು. ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸುವುದನ್ನು ಬಾಲ್ಯದಲ್ಲೇ ಕಲಿತವನು. ಆದರೆ ಹೊಗೆಯೇ ಇಲ್ಲದೆ ಉರಿಯುವ ಬೆಂಕಿಯೊಂದುಂಟು, ಅದನ್ನು ಉರಿಯುತ್ತಿರುವ ಕಟ್ಟಿಗೆಯ ಹೊರತು ಇನ್ನಾರೂ ಕಾಣಲಾರರು ಎಂದು ಗುರುಗಳು ಹೇಳಿಕೊಟ್ಟಿರಲಿಲ್ಲ. ಗಡಿಗೆಗೆ ಮಣ್ಣು ಕಾರಣ, ಕುಂಬಾರ ಕಾರಣ, ತಿಗರಿ ಕಾರಣ ಎಂದು ಬಿಡಿಸಿ ಹೇಳಬಹುದು. ಮನುಷ್ಯರ ನೋವನ್ನು ಹಾಗೆ ಬಿಡಿಸಲು ಹೋದರೆ ಒಂದು ಎಳೆಯೊಡನೆ ಹತ್ತು ಎಳೆ ಎದ್ದು ಬರುತ್ತವೆ. ನಮ್ಮ ಅವ್ವ ಬೀಸುವ ಕಲ್ಲಿನಿಂದೆದ್ದು ಗೋಡೆಗೆ ಮುಖ ಮಾಡಿ ಬಹಳ ಹೊತ್ತು ಕೂರುತ್ತಿದ್ದಳು. ದೇವರ ಧ್ಯಾನವೆಂದು ನಾವು ಮಕ್ಕಳು ಸದ್ದು ಮಾಡದೆ ಆಚೆ ಹೋಗುತ್ತಿದ್ದೆವು. ನೀಲವ್ವ ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ಆರೈಕೆ ಮಾಡಿದವಳು. ಮುದುಕಿ ನರಳಿದಾಗಲೆಲ್ಲ ಎದ್ದು ಎದ್ದು, ಮುದುಕಿ ತೀರಿಹೋದ ಮೇಲೂ ಅದೇ ಹೊತ್ತಿಗೆ ಎಚ್ಚರವಾಗುವ ಅಭ್ಯಾಸ ಅವಳಿಗೆ ಉಳಿದುಬಿಟ್ಟಿತು. ಎಲ್ಲಮ್ಮನ ಗುಡ್ಡದಿಂದ ಬರುವಾಗ ಚಕ್ಕಡಿ ಮಗುಚಿ ಬಿದ್ದದ್ದು ಒಮ್ಮೆ. ತೊಟ್ಟಿಲಲ್ಲೇ ತೀರಿಹೋದ ಗಂಡುಮಗುವಿನ ವಿಷಯವನ್ನು ಅವಳು ವೈದ್ಯರ ಮುಂದೆಯೂ ಪೂರ್ತಿ ಹೇಳಲಿಲ್ಲ. ಇವುಗಳಲ್ಲಿ ಯಾವುದು ಮಣ್ಣು, ಯಾವುದು ತಿಗರಿ? ಆಧ್ಯಾತ್ಮಿಕ, ಆಧಿಭೌತಿಕ, ಆಧಿದೈವಿಕ ಎಂದು ತಾಪಗಳನ್ನು ಮೂರಾಗಿ ವಿಂಗಡಿಸಿದ ಪ್ರಾಚೀನರು ದೊಡ್ಡವರೇ. ಆದರೆ ಆ ಮೂರೂ ಒಂದೇ ಹೆಣ್ಣಿನ ಹೆಗಲಿನ ಮೇಲೆ ಬಂದು ಕೂತಾಗ ಅವನ್ನು ಬೇರ್ಪಡಿಸುವ ಕತ್ತರಿ ನನ್ನ ಶಾಸ್ತ್ರದಲ್ಲಿ ಸಿಗಲಿಲ್ಲ.

ನಾಡಿಗೆ ಕರ್ನಾಟಕವೆಂದು ಹೆಸರಾದ ಮೇಲಿನ ಎರಡನೆಯ ಚಳಿಗಾಲ ಅದು. ಗಿರಿಜಾಳಿಗೆ ರಾಮದುರ್ಗ ತಾಲೂಕಿನ ಕಟಕೋಳದಿಂದ ಒಂದು ಸಂಬಂಧ ಕೂಡಿಬರುವಂತಿತ್ತು. ಹುಡುಗ ಒಳ್ಳೆಯವನು, ಮನೆತನ ಒಳ್ಳೆಯದು; ಗಿರಿಜಾಳಿಗೂ ಮನಸ್ಸಾಗಿತ್ತೆಂಬುದು ಅವಳು ಆ ಊರಿನ ಹೆಸರು ಬಂದಾಗಲೆಲ್ಲ ಕೊಡ ಎತ್ತಿಕೊಂಡು ಹೊರಗೆ ಹೋಗುವುದರಿಂದಲೇ ತಿಳಿಯುತ್ತಿತ್ತು. ಮಗಳ ಜೊತೆ ಕಳಿಸಲೆಂದು ನೀಲವ್ವ ಒಂದು ಕೌದಿ ಹೂಡಿದಳು; ಬೆರಳು ಸೋತಲ್ಲಿ ಸೂಜಿಯನ್ನು ಗಿರಿಜಾ ತೆಗೆದುಕೊಂಡಳು. ಬೀಗರ ಮುಂದೆ ತಾಯಿಯ ನೋವಿನ ಮಾತು ಎತ್ತಬಾರದೆಂದು ಈರಪ್ಪ ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದ್ದ.

ಹೆಣ್ಣು ನೋಡಲು ಹುಡುಗನ ತಾಯಿ ಗೌರವ್ವ ನಾಲ್ಕು ಮಂದಿಯೊಡನೆ ಬಂದಳು. ಊಟವಾಯಿತು, ಎಲೆ ಅಡಿಕೆಯಾಯಿತು, ಹೆಣ್ಣು ಒಪ್ಪಿಗೆಯೆಂದು ಮುಖಗಳೇ ಹೇಳುತ್ತಿದ್ದವು. ನೀಲವ್ವ ಅಂದು ಮುಂಜಾನೆಯಿಂದ ಕೂತಿರಲಿಲ್ಲ. ಪಡಸಾಲೆಯಲ್ಲಿ ಹಾಸಿದ್ದ ಅರೆಹೊಲಿದ ಕೌದಿಯನ್ನು ಕಂಡು ಗೌರವ್ವ ಹಿಗ್ಗಿ, “ಎಷ್ಟ ಚಂದ ಹೊಲಿಗಿ ಹಾಕೀರಿ ಬೀಗತಿ! ಮಗಳು ಹೊಚಗೋಳೂದಕ್ಕಿಂತ ಮೊದಲ ತಾಯಿ ಹೊಚಗೋಬೇಕು,” ಎಂದು ಪ್ರೀತಿಯಿಂದ ಅದನ್ನೆತ್ತಿ ನೀಲವ್ವನ ಹೆಗಲ ಮೇಲೆ ಹೊದಿಸಿ, ಮೇಲಿನಿಂದ ಎರಡೂ ಕೈಯಿಂದ ಅದುಮಿದಳು.

ತಂಗಿಯ ಬಾಯಿಂದ ಒಂದು ಚೀತ್ಕಾರ ಹೊರಟಿತು. ಕೌದಿ ನೆಲಕ್ಕೆ ಜಾರಿತು.

“ಏ, ಏನಿಲ್ರೀ ಅಕ್ಕಾರ,” ಎಂದ ಈರಪ್ಪ ಅವಸರದಿಂದ, “ನಿನ್ನಿ ನೀರು ಜಾಸ್ತಿ ಹೊತ್ತಾಳ್ರಿ.”

ಗೌರವ್ವ ಅವನತ್ತ ನೋಡಲಿಲ್ಲ. ನನ್ನತ್ತ ತಿರುಗಿದಳು. “ಮಾಸ್ತರ್ರ, ನೀವು ಪುರಾಣಾ ಹೇಳೂ ಮಂದಿ, ಸುಳ್ಳ ಹೇಳಾಂಗಿಲ್ಲ. ಇವರಿಗೇನು ಜಡ್ಡು? ನಾಳೆ ಮಗಳಿಗೂ ಬರೂವಂಥಾದ್ದೇನ್ರಿ?”

ಬಾಗಿಲ ಹಿಂದೆ ಗಿರಿಜಾಳ ಬಳೆಯ ಸದ್ದು ನಿಂತುಹೋಯಿತು. ನಾನು ಬಾಯಿ ತೆರೆದೆ. ವೈದ್ಯರ ಮಾತನ್ನು ಎಲ್ಲಿಂದ ಆರಂಭಿಸಲೆಂದು ತಡವರಿಸುವಷ್ಟರಲ್ಲಿ ನೀಲವ್ವನೇ ನನ್ನನ್ನು ತಡೆದಳು.

“ಅಣ್ಣಾ, ನೀ ಸುಮ್ನಿರು. ಬ್ಯಾನಿ ನಂದೈತಿ, ನಾ ಹೇಳತೇನಿ. ಐತ್ರಿ ಬೀಗತಿ, ಮೈತುಂಬ ಐತಿ. ನಮ್ಮವ್ವಗೂ ಇತ್ತು. ಮಗಳಿಗೆ ಬರತೈತೋ ಇಲ್ಲೋ ಡಾಕ್ಟರಗೂ ಗೊತ್ತಿಲ್ಲ. ಬರಬಹುದು, ಬರದನೂ ಇರಬಹುದು. ಇದ್ದದ್ದು ಇಷ್ಟ.”

ಗೌರವ್ವ ಕೆಟ್ಟವಳಲ್ಲ. ಕೌದಿಯನ್ನು ತಾನೇ ಎತ್ತಿ ಮಡಚಿಟ್ಟು, “ಖರೆ ಹೇಳಿದ್ರಿ, ನಿಮ್ಮ ಹೊಟ್ಟಿ ತಣ್ಣಗಿರಲಿ. ನಮ್ಮ ಮನ್ಯಾಗ ಅತ್ತಿ ಹಾಸಿಗಿ ಹಿಡದಾರ್ರಿ. ಇನ್ನೊಬ್ಬರನ್ನ ಎತ್ತಿ ಕುಂದ್ರಸೂ ರಟ್ಟಿ ನನಗ ಉಳದಿಲ್ಲ,” ಎಂದಳು. ಹೇಳಿ ಕಳಿಸುತ್ತೇವೆಂದು ಹೊರಟರು. ಹೇಳಿ ಕಳಿಸಲಿಲ್ಲ.

ಅವರನ್ನು ಬಸ್ಸಿಗೆ ಹತ್ತಿಸಿ ಬಂದ ಈರಪ್ಪ ಹೊಸ್ತಿಲಲ್ಲೇ ನಿಂತು ಗುಡುಗಿದ: “ಇಷ್ಟ ವರ್ಷ ಬ್ಯಾನೀನ ನುಂಗೀದಿ, ಇವತ್ತೊಂದ ಮಾತು ನುಂಗಾಕ ಆಗಲಿಲ್ಲೇನ?”

“ಬ್ಯಾನಿ ನುಂಗಿದ್ದಕ್ಕs ಈ ಗತಿ ಆಗೇತ್ರಿ,” ಎಂದಳು ತಂಗಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನಮ್ಮವ್ವ ನನಗ ಹೇಳಲಿಲ್ಲ. ಗ್ವಾಡಿಗೆ ಮಾರಿ ಮಾಡಿ ಕುಂದರತಿದ್ಲು. ಆಕಿ ಒಂದ ಮಾತು ಹೇಳಿದ್ದರ, ನನ್ನ ಮೈ ಸುಳ್ಳ ಹೇಳಾಕ ಹತ್ತೇತಿ ಅಂತ ಇಷ್ಟ ವರ್ಷ ನಾನs ನನ್ನ ಬೈಕೋತಿರಲಿಲ್ಲ. ಗಿರಿಜಾ ಕೇಳಸಿಕೊಳ್ಳಲಿ ಅಂತನs ಹೇಳೇನಿ.”

ಈರಪ್ಪ ಹೊಲದ ಕಡೆ ಹೋದ. ನಾನು ಧ್ಯಾನವೆಂದು ತಿಳಿದಿದ್ದ ಆ ಗೋಡೆಯ ಮುಂದಿನ ಮೌನ ನನಗೆ ಆಗ ಪೂರ್ತಿ ಅರ್ಥವಾಯಿತು.

ಮರುದಿನ ಅಂಗಳದಲ್ಲಿ ಬಿಸಿಲಿಗೆ ಕೂತು ಗಿರಿಜಾ ತನ್ನ ಮದುವೆಯ ಕೌದಿಯ ಹೊಲಿಗೆ ಬಿಚ್ಚತೊಡಗಿದಳು. ಬಸಲಿಂಗವ್ವ ಓಡಿಬಂದಳು.

“ಏ ಹುಡುಗಿ, ಹೊಲಿದ ಕೌದಿ ಬಿಚ್ಚಬಾರದು. ಕೂಡಿದ್ದು ಬಿಚ್ಚತೈತಿ.”

“ಕೂಡಿದ್ದು ಬಿಚ್ಚಿ ಆಗೇತಿ ಬಿಡು ದೊಡ್ಡವ್ವಾ. ಈ ಚಳ್ಯಾಗ ಅವ್ವ ಬರೇ ಸೆರಗು ಹೊಚಗೊಂಡು ಮಲಗತಾಳ, ನೋಡೀಯೇನು? ಕೌದಿ ಭಾರ ಆಕಿಗೆ ತಡಿಯೂದಿಲ್ಲ.”

ಬಸಲಿಂಗವ್ವ ಆಚೆಯ ಅಂಚಿಗೆ ಕೂತು ಹಲ್ಲಿನಿಂದ ದಾರ ಕಡಿಯತೊಡಗಿದಳು.

ಪದರಗಳು ಒಂದೊಂದಾಗಿ ಹೊರಬಂದವು. ಅತ್ತೆಯ ಹಾಸಿಗೆಗೆ ಹಾಸುತ್ತಿದ್ದ ಒರಟು ಜಮಖಾನೆಯ ತುಂಡು. ಈರಪ್ಪನ ಹಳೆಯ ಧೋತರ. ಶಾಯಿಯ ಕಲೆಯಿದ್ದ ನನ್ನದೊಂದು ಅಂಗಿ. ಅದು ಯಾರ ನೋವಿಗೂ ಕಾರಣವಾಗಿರಲಾರದೆಂದು ನಂಬಿದ್ದೇನೆ. ನಡುವೆ ಒಂದು ಕಡೆ, ತೀರಿಹೋದ ಕೂಸಿನ ತಲೆಗೆ ಕಟ್ಟುತ್ತಿದ್ದ ಕುಂಚಿಗೆಯ ಚೂರು. ಅದರ ಸುತ್ತಲಿನ ಹೊಲಿಗೆಯನ್ನು ಗಿರಿಜಾ ಬಿಚ್ಚಲಿಲ್ಲ. ಎಲ್ಲಕ್ಕೂ ಒಳಗೆ, ತೊಳೆದು ತೊಳೆದು ಹೂವಿನೆಸಳಿನಷ್ಟು ಮೆತ್ತಗಾದ ನಮ್ಮ ಅವ್ವನ ಇಳಕಲ್ ಸೀರೆ. ಯಾವ ಪದರದಿಂದ ಕೌದಿಗೆ ಭಾರ ಬಂತೆಂದು ಯಾರು ಹೇಳಬಲ್ಲರು? ಒಂದನ್ನು ತೆಗೆದು ತೂಗಿದರೆ ಅದು ಬರಿಯ ಬಟ್ಟೆ. ಕೂಡಿಸಿ ಹೊಲಿದಾಗಲೇ ಅದು ಭಾರ. ವೈದ್ಯರು ಹೇಳಿದ ಮಾತು ಆ ಅಂಗಳದಲ್ಲಿ ನನ್ನ ಕಣ್ಣ ಮುಂದೆ ಹರಡಿಕೊಂಡಿತ್ತು.

ಅವ್ವನ ಸೀರೆಯನ್ನೇ ಎರಡು ಪದರ ಮಾಡಿ, ಕುಂಚಿಗೆಯ ಚೂರನ್ನು ಇದ್ದಂತೆಯೇ ಅದರ ಮೇಲೆ ಉಳಿಸಿ, ಸಂಜೆಯೊಳಗೆ ಹೊಸ ಹೊಲಿಗೆ ಹಾಕಿದರು. ಬೀಗರಿಗೆಂದು ಮಾಡಿದ್ದ ಹೋಳಿಗೆಯಲ್ಲಿ ಉಳಿದ ತುಣುಕೊಂದನ್ನು ಬಸಲಿಂಗವ್ವ ಕೊನೆಯ ಮೂಲೆಗಿಟ್ಟಳು. ಹೊದಿಸಿದಾಗ ನೀಲವ್ವ ಕಣ್ಣು ಮುಚ್ಚಿ, “ಭಾರ ಇಲ್ಲ,” ಎಂದಳು. ನೋವು ಹೋಯಿತೆಂದಲ್ಲ, ಅದು ಈಗಲೂ ಇದೆ. ಭಾರವಿಲ್ಲ, ಅಷ್ಟೇ.

ಏಳುವಾಗ ಗಿರಿಜಾ ಒಂದು ಕೈಯನ್ನು ಕತ್ತಿನ ಹಿಂದಕ್ಕೊಯ್ದು ಒತ್ತಿಕೊಂಡಳು. ನಾವೆಲ್ಲ ನೋಡಿದೆವು.

“ಬ್ಯಾನಿ ಆತೇನು?” ಎಂದಳು ತಾಯಿ.

“ಇಲ್ಲವಾ.”

“ಖರೆ ಹೇಳು.”

“…ಒಂದೀಟು.”

“ಹೇಳಿದಿ. ಚಲೋ ಆತು. ಬಾ ಇಲ್ಲೆ,” ಎಂದು ನೀಲವ್ವ ನೋಯುವ ತನ್ನ ಕೈಯನ್ನು ಮಗಳ ಕತ್ತಿನ ಮೇಲಿಟ್ಟಳು.

ದಿನವಿಡೀ ಬಗ್ಗಿ ಕೂತ ದಣಿವೋ, ವಂಶದ ಆ ಹಳೆಯ ಅತಿಥಿ ಹೊಸ್ತಿಲ ಮೇಲಿಟ್ಟ ಮೊದಲ ಹೆಜ್ಜೆಯೋ, ನನಗೆ ತಿಳಿಯದು. ಗಿರಿಜಾಳಿಗೆ ಇನ್ನೂ ಸಂಬಂಧ ಕೂಡಿಬಂದಿಲ್ಲ. ಗೆಳೆಯರೇ, ನನ್ನ ಕೌದಿಯನ್ನು ನಾನು ಈಗಲೂ ಹೊದೆಯುತ್ತೇನೆ. ಆದರೆ ಅದನ್ನು ಎದೆಗೆ ಎಳೆದುಕೊಳ್ಳುವಾಗ, ಈ ಒಂದೊಂದು ಹೊಲಿಗೆಯನ್ನೂ ಹಾಕುವಾಗ ಆ ಬೆರಳುಗಳು ನೊಂದಿದ್ದುವೇ, ನಾನು ಕೇಳಿದ್ದೆನೇ ಎಂಬ ಪ್ರಶ್ನೆಯೂ ಪದರವೊಂದಾಗಿ ಮೈಮೇಲೆ ಬಂದು ಕೂರುತ್ತದೆ. ಹಿಂದಿನಂತೆ ಬೇಗ ನಿದ್ದೆ ಹತ್ತುವುದಿಲ್ಲ.

ಕಾಣದ್ದನ್ನು ಇಲ್ಲವೆನ್ನದ ಆ ವೈದ್ಯರಿಗೆ ಆಯುಷ್ಯ ವರ್ಧಿಸಲಿ. ಬಂದು ಹೋದ ಕಟಕೋಳದ ತಾಯಿಯ ರಟ್ಟೆಗೆ ಬಲ ಬರಲಿ, ಅವಳ ಮನೆಯ ಮುದುಕಿಗೆ ಸುಖನಿದ್ರೆ ದೊರೆಯಲಿ. ಮೂದಲಿಸಿದ ಬಾಯಿಂದಲೇ ದಾರ ಕಡಿದ ಬಸಲಿಂಗವ್ವನ ಹಲ್ಲುಗಳು ಗಟ್ಟಿಯಾಗಿರಲಿ. ಹೊಲದ ಬದುವಿನ ಮೇಲೆ ಒಬ್ಬನೇ ಕೂತ ಈರಪ್ಪನ ಮನಸ್ಸು ತಿಳಿಯಾಗಲಿ. ನೀಲವ್ವನ ಮೈಮೇಲೆ ಈಶ್ವರನ ಕೈ ಅವ್ವನ ಸೀರೆಯಷ್ಟು ಹಗುರಾಗಿ ಬೀಳಲಿ. ಗಿರಿಜಾ ನೋಯದಿರಲಿ, ನೊಂದರೆ ಹೇಳಲಿ, ಹೇಳಿದಾಗ ನಂಬುವವರು ಅವಳ ಹತ್ತಿರವಿರಲಿ.